ಜೋಡಿ ಭೇರಿಯ ಮೂಲವಿಚಾರ

ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತದಲ್ಲಿ ವಾದಕನು ಬೇಸ್ ಡ್ರಮ್ ಎಂಬ ಎರಡು ಭೇರಿಗಳನ್ನು ಎರಡು ಕಾಲುಗಳಿಂದಲೂ ಬಾರಿಸುವ ಕ್ರಮವುಂಟು. ಇದು ಆ ಸಂಗೀತದಲ್ಲಿಯೇ ಹುಟ್ಟಿತೆಂಬ ರೂಢಿಯ ಮಾತು ನಿಲ್ಲಲಾರದು. ಜಾಸ್ ವಾದಕನಾದ ಲೂಯಿ ಬೆಲ್ಸನ್ ಹದಿಹರೆಯದಲ್ಲಿಯೇ ಇದರ ನಕ್ಷೆಯನ್ನು ಬರೆದಿದ್ದನು; 1951ರಲ್ಲಿ ಡ್ಯೂಕ್ ಎಲಿಂಗ್ಟನ್ನನ ಮೇಳವನ್ನು ಸೇರಿ ಅದನ್ನು ಪ್ರಸಿದ್ಧಿಗೆ ತಂದನು. 1966ರ ಸುಮಾರಿಗೆ ಜಿಂಜರ್ ಬೇಕರ್, ಕೀತ್ ಮೂನ್ ಎಂಬವರಿಂದ ಅದು ರಾಕ್ ಸಂಗೀತಕ್ಕೆ ಬಂದಿತು. ಅಲ್ಲಿಯ ವರೆಗೆ ಅದು ಬಹುಮಟ್ಟಿಗೆ ಅಲಂಕಾರವೇ. 1979ರ ‘ಓವರ್‌ಕಿಲ್’ ಹಾಡಿನಲ್ಲಿ ಮೋಟರ್‌ಹೆಡ್ ಮೇಳದ ಫಿಲ್ ಟೇಲರನು ಅದನ್ನು ಹೆಚ್ಚುಕಡಿಮೆ ಉದ್ದಕ್ಕೂ ನುಡಿಸಿದಾಗ ಅಲಂಕಾರವು ಆಧಾರವಾಯಿತು. ಹೆವಿ ಮೆಟಲಿಗೆ ಸಲ್ಲತಕ್ಕ ಕೀರ್ತಿ ಇದು, ಅಲ್ಪವೇನೂ ಅಲ್ಲ. ಆ ಹಾಡು ಎರಡು ಬಾರಿ ಮುಗಿದಂತೆ ನಿಂತು ಮತ್ತೆ ಹೊರಡುತ್ತದೆಂಬುದನ್ನೂ ಮರೆಯಬಾರದು.

ಇದೆಲ್ಲ ಬರಿಯ ಗದ್ದಲವೆಂದು ತಳ್ಳುವವರು ವಾಮದಪದವಿನ ಕಡೆಯ ಬಯಲಾಟವನ್ನು ನೆನೆಯಬೇಕು. ತೆಂಕುತಿಟ್ಟಿನಲ್ಲಿ ಮದ್ದಳೆಯು ಪದ್ಯದ ಸಂಗಡ ಇದ್ದೇ ಇರುವುದು. ಚೆಂಡೆಯಾದರೋ ವೀರರೌದ್ರಗಳಿಗಾಗಿ ಕಾಯುವುದು. ಕರುಣದಲ್ಲಿ ಸುಮ್ಮನಿದ್ದುದರಿಂದಲೇ ಅದು ಯುದ್ಧಕ್ಕೆ ಮರಳಿ ನುಡಿದಾಗ ಮೈ ನವಿರೇಳುವುದು. (ಇಡೀ ರಾತ್ರಿ ಚೆಂಡೆಯೇ ಆದರೆ ನಿದ್ದೆ ಬಂದೀತು!)

2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿದ್ದ ಮೆಟಾಲಿಕಾ ಮೇಳದ ‘ಒನ್’ (1988) ಎಂಬ ಕೃತಿಯಲ್ಲಿ ಇದೇ ವಿವೇಕವಿದೆ. ಯುದ್ಧದಲ್ಲಿ ಕೈಕಾಲುಗಳನ್ನೂ ಕಣ್ಣನ್ನೂ ಕಳೆದುಕೊಂಡ ಸೈನಿಕನ ಕಥೆಯದು. ಲಾರ್ಸ್ ಉಲ್ರಿಕನು ನಾಲ್ಕು ನಿಮಿಷಗಳಷ್ಟು ತಡೆದು, ಬಳಿಕ ಜೋಡಿ ಭೇರಿಗಳನ್ನು ಮೆಷಿನ್ ಗನ್ನಿನಂತೆ ಸಿಡಿಸುವನು. ಇಲ್ಲಿ ವೇಗವು ರಸದ ಸೇವಕ. ಈಚಿನ ಹಲವರು ಮೊದಲ ಮಾತ್ರೆಯಿಂದಲೇ ಕಾಲಿನ ವೇಗವನ್ನೆಲ್ಲ ಸುರಿದುಬಿಡುವರು. ಅವರ ಅಭ್ಯಾಸಕ್ಕೆ ಬೆರಗಾಗುವೆವು, ಆದರೆ ಹಾಡೊಂದೂ ನೆನಪಿನಲ್ಲಿ ಉಳಿಯದು.