ಚೆಂದದ ಹಾಳು

ವೇಲ್ಸಿನ ಹಾವೊಡ್ ಎಸ್ಟೇಟಿನ ಛಾಯಾಚಿತ್ರಗಳನ್ನು ನೋಡಿದಾಗಲೆಲ್ಲ ನನ್ನದೊಂದು ತಕರಾರು: ಅವು ತೀರಾ ಚೆನ್ನಾಗಿವೆ. ಪಾಚಿ ಹಿಡಿದ ಕಲ್ಲು, ಮಂಜು, ಮರಗಳ ಸಂದಿಯಲ್ಲಿ ಜಲಪಾತ. ಕಣ್ಣು ತಣಿಯುತ್ತದೆ, ಕಳೆದುಹೋದದ್ದು ಏನೆಂಬುದು ಮಾತ್ರ ತಿಳಿಯುವುದಿಲ್ಲ.

ಥಾಮಸ್ ಜೋನ್ಸ್ ಎಂಬ ಜಮೀನ್ದಾರ 1780ರ ದಶಕದಿಂದ ಈ ಕಣಿವೆಯನ್ನು ರೂಪಿಸಿದ್ದೇ ಅದು ಚಿತ್ರದಂತೆ ಕಾಣಲೆಂದು. ಲಕ್ಷಾಂತರ ಮರ ನೆಡಿಸಿದ. ಯಾವ ತಿರುವಿನಲ್ಲಿ ಯಾವ ನೋಟ ತೆರೆದುಕೊಳ್ಳಬೇಕೆಂದು ಲೆಕ್ಕ ಹಾಕಿ ಕಾಲುದಾರಿ ಮಾಡಿಸಿದ. ಇಂದಿನ ಛಾಯಾಗ್ರಾಹಕ ತನ್ನದೆಂದು ಬೀಗುವ ಕೋನ ಎಷ್ಟೋ ಸಲ ಆ ಪುಣ್ಯಾತ್ಮ ಇನ್ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟದ್ದು!

ಮನೆಯ ಕಥೆ ಬೇರೆ. 1807ರ ಬೆಂಕಿಯಲ್ಲಿ ಗ್ರಂಥಾಲಯದ ಸಮೇತ ಸುಟ್ಟಿತು, ಮತ್ತೆ ಕಟ್ಟಿದರು, 1958ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಉಳಿದದ್ದು ಕಲ್ಲುಗುಪ್ಪೆ. ಅದು ಚೆಂದ ಕಾಣದು. ಹಾಗಾಗಿ ಕ್ಯಾಮೆರಾ ಅತ್ತ ಹೊರಳುವುದು ಕಡಿಮೆ.

ನನ್ನ ಮನಸ್ಸಿನಲ್ಲಿ ನಿಂತದ್ದು ಎಸ್ಟೇಟಿನ ಚರ್ಚಿನೊಳಗೆ ತೆಗೆದ ಒಂದು ಚಿತ್ರ. ಜೋನ್ಸನ ಒಬ್ಬಳೇ ಮಗಳು ಮರಿಯಾಮ್ನೆ, ಸಸ್ಯಗಳ ಹುಚ್ಚು ಹತ್ತಿಸಿಕೊಂಡಿದ್ದ ಹುಡುಗಿ, 1811ರಲ್ಲಿ ತೀರಿಕೊಂಡಳು. ಮಂಚದ ಮೇಲೆ ಮಗಳು, ಪಕ್ಕದಲ್ಲಿ ತಂದೆತಾಯಿ: ಚಾಂಟ್ರಿ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಕಡೆದ ಸ್ಮಾರಕ. 1932ರಲ್ಲಿ ಚರ್ಚಿಗೆ ಬೆಂಕಿ ಬಿದ್ದು ಅದು ಒಡೆದುಹೋಯಿತು. ತುಂಡುಗಳನ್ನು ಅಲ್ಲಿಯೇ ಉಳಿಸಿಕೊಂಡಿದ್ದಾರೆ. ಚಿತ್ರದಲ್ಲಿ ಮಂಜಿಲ್ಲ, ಪಾಚಿಯಿಲ್ಲ. ಬೆಂದು ಒಡೆದ ಕಲ್ಲು, ಸಪ್ಪೆ ಬೆಳಕು, ಅಷ್ಟೇ. ತೆಗೆದವರು ಏನನ್ನೂ ಸಿಂಗರಿಸಲು ಹೋಗಿಲ್ಲ. ಅದನ್ನು ಕಂಡ ಮೇಲೆ ಜಲಪಾತದ ಚಿತ್ರಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಾರೆ.