ಅನುದಾನ, ಒಪ್ಪಿಗೆ ಮತ್ತು ಮಗು: ಶಿಕ್ಷಣ ಕುರಿತ ಮಹಾಸಭೆಯ ಘೋಷಣೆಯ ಒಂದು ಮರುವಿಮರ್ಶೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತ ‘ಗ್ರಾವಿಸ್ಸಿಮುಮ್ ಎಡುಕಾತ್ಸಿಯೋನಿಸ್’ ಘೋಷಣೆಯನ್ನು ಹೊರಡಿಸಿತು. ನಮ್ಮ ಗುರುಮಠಗಳಲ್ಲಿ ಮಹಾಸಭೆಯ ಹದಿನಾರು ದಾಖಲೆಗಳ ಪೈಕಿ ಕಡಿಮೆ ಚರ್ಚೆಗೆ ಒಳಗಾಗುವವುಗಳಲ್ಲಿ ಇದೂ ಒಂದು. ಆದರೆ ಶಾಲೆಯ ಆಡಳಿತವನ್ನು ಹೊತ್ತ ಗುರುಗಳಿಗೆ ಅದರ ಆರನೆಯ ಪರಿಚ್ಛೇದ ಚೆನ್ನಾಗಿ ನೆನಪಿರುತ್ತದೆ. ಮಕ್ಕಳ ಶಿಕ್ಷಣದ ಮೊದಲ ಹಕ್ಕು ಹೆತ್ತವರದು. ಅವರು ತಮ್ಮ ಮನಸ್ಸಾಕ್ಷಿಗೆ ಒಪ್ಪುವ ಶಾಲೆಯನ್ನು ನಿಜವಾಗಿಯೂ ಆರಿಸಿಕೊಳ್ಳುವಂತೆ ಸಾರ್ವಜನಿಕ ಹಣವನ್ನು ಹಂಚುವುದು ರಾಜ್ಯದ ನ್ಯಾಯಬದ್ಧ ಹೊಣೆ ಎಂಬುದು ಅದರ ತಾತ್ಪರ್ಯ. ನಮ್ಮ ದೇಶದಲ್ಲಿ ಈ ವಾದಕ್ಕೆ ಸಂವಿಧಾನದ 30ನೆಯ ವಿಧಿ ಜೊತೆಯಾಗಿದೆ. ಇವೆರಡನ್ನೂ ಹಿಡಿದು ನಾವು ನಮ್ಮ ಅನುದಾನಿತ ಶಾಲೆಗಳನ್ನು ಸಮರ್ಥಿಸಿಕೊಂಡು ಬಂದಿದ್ದೇವೆ. ಆ ಸಮರ್ಥನೆಯಿಂದ ಶಾಲೆಯ ಹಕ್ಕು ಉಳಿದಿದೆ. ಮಗುವಿನ ಕಲಿಕೆಗೆ ಒಳಿತಾಗಿದೆಯೇ ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ನೆಲದಲ್ಲಿ ನಿಂತು ಕೇಳುತ್ತಿದ್ದೇವೆ. ಕಪಿಲೆಯ ದಡದಲ್ಲಿ ಒಂದು, ಕಪಿಲೆಯು ಕಾವೇರಿಯನ್ನು ಕೂಡುವಲ್ಲಿ ಇನ್ನೊಂದು. ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲು. ಇಲ್ಲಿ ಕ್ರೈಸ್ತ ಕುಟುಂಬಗಳು ಬೆರಳೆಣಿಕೆಯವು. ಕ್ರೈಸ್ತರ ಆಡಳಿತದ ಶಾಲೆ ಎಂದರೆ, ಬೆಂಚುಗಳಲ್ಲಿ ಕುಳಿತವರಲ್ಲಿ ಬಹುಪಾಲು ಬೇರೆ ಸಮುದಾಯಗಳ ಮಕ್ಕಳು. ವಿಶ್ವಾಸಿಗಳ ಮಕ್ಕಳಿಗಾಗಿ ವಿಶ್ವಾಸಿಗಳು ಆರಿಸಿಕೊಂಡ ಶಾಲೆ ಎಂಬ ಯೂರೋಪಿನ ಚಿತ್ರ ಇಲ್ಲಿ ಹೊಂದುವುದಿಲ್ಲ.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಅನುದಾನಿತ ಶಾಲೆಯಲ್ಲಿ ಪ್ರವೇಶದ ದಿನಗಳಂದು ನಾವೇ ಮೇಜಿನ ಹಿಂದೆ ಕುಳಿತಿದ್ದೆವು. ಎಂಟನೆಯ ತರಗತಿಗೆ ಮಗಳನ್ನು ಸೇರಿಸಲು ಕೂಲಿ ಮಾಡುವ ತಾಯಿಯೊಬ್ಬರು ಬಂದಿದ್ದರು. ಅರ್ಜಿ ಇಂಗ್ಲಿಷಿನಲ್ಲಿತ್ತು. ಅದರ ಕೊನೆಯಲ್ಲಿ, ಶಾಲೆಯ ಪ್ರಾರ್ಥನೆಗೂ ಧಾರ್ಮಿಕ ಬೋಧನೆಗೂ ತಮ್ಮ ಒಪ್ಪಿಗೆಯಿದೆ ಎಂಬ ಒಂದು ಸಾಲಿತ್ತು. ಹೆಬ್ಬೆಟ್ಟು ಒತ್ತಬೇಕಾದ ಜಾಗವನ್ನು ನಾವು ತೋರಿಸಿದೆವು. ಒತ್ತುವ ಮೊದಲು ಆಕೆ ಕೇಳಿದರು: “ಇದ್ರಲ್ಲಿ ಏನ್ ಬರ್ದದ ಬುದ್ಧಿ?” ಹೊರಗೆ ಸಾಲು ಉದ್ದವಾಗಿತ್ತು. “ಎಲ್ಲಾ ಶಾಲೆಯ ನಿಯಮ ಕಣಮ್ಮ” ಎಂದೆವು. ಆಕೆ ಒತ್ತಿದರು. ಊರಿನ ದೊಡ್ಡವರ ಮನೆಯಂಗಳದಲ್ಲಿ ಕೈಕಟ್ಟಿ ನಿಂತು ಆಡುವ ‘ಬುದ್ಧಿ’ ಎಂಬ ಆ ಮಾತು ಅಂದು ನಮ್ಮ ಕಿವಿಗೆ ಸಹಜವಾಗಿಯೇ ಕೇಳಿಸಿತ್ತು ಎಂಬುದನ್ನು ಇಂದು ಸಂಕೋಚದಿಂದ ಒಪ್ಪಿಕೊಳ್ಳುತ್ತೇವೆ.

ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡವು ಆ ತಾಯಿಯನ್ನು ಉದ್ದೇಶಿಸಿಯೇ ಬರೆದಂತಿದೆ. ರಾಜ್ಯದ ಮಾನ್ಯತೆಯನ್ನೋ ಅನುದಾನವನ್ನೋ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಒಳಪಡಿಸುವಂತಿಲ್ಲ. ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. 29ನೆಯ ವಿಧಿಯ ಎರಡನೆಯ ಖಂಡವು, ಅನುದಾನ ಪಡೆಯುವ ಸಂಸ್ಥೆಯು ಕೇವಲ ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ. ಈ ಎರಡು ಕಟ್ಟುಗಳ ನಂತರವೇ 30ನೆಯ ವಿಧಿಯ ಹಕ್ಕು ಬರುತ್ತದೆ. 1958ರ ಕೇರಳ ಶಿಕ್ಷಣ ಮಸೂದೆಯ ಅಭಿಪ್ರಾಯದಿಂದ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನವರೆಗೆ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕನ್ನು ಎತ್ತಿಹಿಡಿದಿದೆ. ಆದರೆ ಆಡಳಿತದ ಹಕ್ಕು ದುರಾಡಳಿತದ ಹಕ್ಕಲ್ಲ ಎಂಬುದನ್ನೂ ಜೊತೆಗೇ ಹೇಳಿದೆ. ನಾವು 30ನ್ನು ಕಂಠಪಾಠ ಮಾಡಿದ್ದೇವೆ, 28 ಮತ್ತು 29ನ್ನು ವಕೀಲರಿಗೆ ಬಿಟ್ಟಿದ್ದೇವೆ.

ಒಪ್ಪಿಗೆಯ ಈ ನಿಯಮವನ್ನು ನಮ್ಮಲ್ಲಿ ಹಲವರು ಜಾತ್ಯತೀತ ರಾಜ್ಯವು ಹೊರಗಿನಿಂದ ಹಾಕಿದ ಬೇಲಿಯೆಂದು ಬಗೆಯುತ್ತಾರೆ. ಅದು ನಮ್ಮದೇ ಬೋಧನೆ. ಶಿಕ್ಷಣದ ಘೋಷಣೆ ಹೊರಟ ಆರು ವಾರಗಳೊಳಗೆ, 1965ರ ಡಿಸೆಂಬರ್ 7ರಂದು ಬಂದ ‘ದಿಗ್ನಿತಾತಿಸ್ ಹುಮಾನೇ’ ಘೋಷಣೆಯ ನಾಲ್ಕನೆಯ ಪರಿಚ್ಛೇದವು, ವಿಶ್ವಾಸವನ್ನು ಹರಡುವಾಗ ಬಲವಂತದ ಅಥವಾ ಗೌರವಕ್ಕೆ ತಕ್ಕುದಲ್ಲದ ಒಲಿಸುವಿಕೆಯ ಛಾಯೆಯೂ ಇರಕೂಡದೆಂದು ಎಚ್ಚರಿಸುತ್ತದೆ. ಅದರಲ್ಲೂ ಬಡವರು ಮತ್ತು ಓದುಬರಹ ಅರಿಯದವರ ವಿಷಯದಲ್ಲಿ. ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ದಾರಿಬದಿಯ ಕುರುಡ ಭಿಕ್ಷುಕನಿಗೆ ದೃಷ್ಟಿ ಕೊಡುವ ಮುನ್ನ, ಅವನಿಗೆ ಏನು ಬೇಕೆಂದು ಅವನನ್ನೇ ಕೇಳುತ್ತಾರೆ. ಉತ್ತರ ಎಲ್ಲರಿಗೂ ತಿಳಿದಿದ್ದರೂ ಕೇಳುತ್ತಾರೆ. ನಾವು ಆ ತಾಯಿಯನ್ನು ಕೇಳಲಿಲ್ಲ. ಆಕೆ ಕೇಳಿದಾಗಲೂ ಹೇಳಲಿಲ್ಲ.

ಮಹಾಸಭೆಯ ಘೋಷಣೆಯ ಕೊರತೆ ಇಲ್ಲಿಯೇ ಎದ್ದು ಕಾಣುತ್ತದೆ. ಆರನೆಯ ಪರಿಚ್ಛೇದವು ಆರಿಸಿಕೊಳ್ಳಬಲ್ಲ ಹೆತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತದೆ. ಎರಡು ಶಾಲೆಗಳನ್ನು ತೂಗಿನೋಡಲು ಓದು ಬೇಕು, ಬಸ್ಸಿನ ಖರ್ಚು ಬೇಕು, ಒಂದು ದಿನದ ಕೂಲಿ ಬಿಡುವ ಅನುಕೂಲ ಬೇಕು. ಇವು ಇಲ್ಲದವರ ಪಾಲಿಗೆ ಆಯ್ಕೆ ಶಾಲೆಯ ಕೈಯಲ್ಲಿರುತ್ತದೆ. ಒಂಬತ್ತನೆಯ ಪರಿಚ್ಛೇದವು ಬಡವರ ಮತ್ತು ಕ್ರೈಸ್ತರಲ್ಲದ ಮಕ್ಕಳ ವಿಷಯದಲ್ಲಿ ವಿಶೇಷ ಕಾಳಜಿ ತೋರುವುದು ನಿಜ. ಆದರೆ ಆರನೆಯದು ಹಕ್ಕಿನ ಭಾಷೆಯಲ್ಲಿದೆ, ಒಂಬತ್ತನೆಯದು ಮಮತೆಯ ಭಾಷೆಯಲ್ಲಿ. ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ನಾವು ಮೊದಲನೆಯದನ್ನು ಒಯ್ದು, ಎರಡನೆಯದನ್ನು ವಾರ್ಷಿಕೋತ್ಸವದ ಭಾಷಣಕ್ಕೆ ಇಟ್ಟುಕೊಂಡೆವು. 1977ರಲ್ಲಿ ರೋಮಿನ ಶಿಕ್ಷಣ ಮಂಡಲಿ ಹೊರತಂದ ‘ಕಥೋಲಿಕ ಶಾಲೆ’ ಎಂಬ ದಾಖಲೆ ಇನ್ನೂ ನೇರವಾಗಿದೆ: ಉಳ್ಳವರ ಕಡೆಗೇ ಮುಖ ಮಾಡಿದ ಕಥೋಲಿಕ ಶಾಲೆ ಸಮಾಜದ ಅನ್ಯಾಯವನ್ನು ಉಳಿಸಿಕೊಡುತ್ತದೆ ಎಂಬುದು ಅದರ ಅಭಿಪ್ರಾಯ.

ನಮ್ಮ ಶಾಲೆಗಳಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರಲ್ಲವೇ ಎಂದು ಓದುಗರು ಕೇಳಬಹುದು. 1982ರಲ್ಲಿ ಜೇಮ್ಸ್ ಕೋಲ್‌ಮನ್ ಮತ್ತು ಸಂಗಡಿಗರು ಅಮೆರಿಕದ ಕಥೋಲಿಕ ಪ್ರೌಢಶಾಲೆಗಳನ್ನು ಸರ್ಕಾರಿ ಶಾಲೆಗಳೊಡನೆ ಹೋಲಿಸಿ, ಹಿಂದುಳಿದ ಮನೆಗಳ ಮಕ್ಕಳಿಗೆ ಅವು ಹೆಚ್ಚು ನೆರವಾಗುತ್ತವೆ ಎಂದು ವಾದಿಸಿದರು. ಆ ಫಲಿತಾಂಶ ಶಾಲೆಯದೋ, ಶಾಲೆ ಆರಿಸಿಕೊಂಡ ಮಕ್ಕಳದೋ ಎಂಬ ಪ್ರಶ್ನೆಯನ್ನು ವಿಮರ್ಶಕರು ಆಗಲೇ ಎತ್ತಿದರು. ನಮಗೂ ಅದೇ ಪ್ರಶ್ನೆ. ಪ್ರವೇಶದ ಹೊತ್ತಿಗೆ ಸಂದರ್ಶನ ಮಾಡಿ, ಒಂಬತ್ತನೆಯ ತರಗತಿಯಲ್ಲಿ ದುರ್ಬಲರಿಗೆ ವರ್ಗಾವಣೆ ಪತ್ರ ಕೊಟ್ಟು ಪಡೆದ ನೂರಕ್ಕೆ ನೂರು ಫಲಿತಾಂಶ ಶಿಕ್ಷಣದ ಗೆಲುವಲ್ಲ.

ಇದನ್ನು ತಡೆಯಬಹುದಾಗಿದ್ದ ಕಾನೂನಿನಿಂದ ನಾವು ವಿನಾಯಿತಿ ಪಡೆದಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಅನುದಾನಿತ ಶಾಲೆಯು ತಾನು ಪಡೆವ ಅನುದಾನದ ಪ್ರಮಾಣಕ್ಕೆ ತಕ್ಕಷ್ಟು, ಕನಿಷ್ಠ ಶೇ 25ರಷ್ಟು ಮಕ್ಕಳಿಗೆ ಉಚಿತ ಶಿಕ್ಷಣ ಕೊಡಬೇಕು. ಅದರ 13ನೆಯ ಪ್ರಕರಣವು ಪ್ರವೇಶಕ್ಕಾಗಿ ಮಗುವನ್ನೂ ಹೆತ್ತವರನ್ನೂ ಜರಡಿ ಹಿಡಿಯುವುದನ್ನು, 17ನೆಯದು ದೈಹಿಕ ಶಿಕ್ಷೆಯನ್ನು ನಿಷೇಧಿಸುತ್ತದೆ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುತ್ತದೆ ಎಂದಿತು. 2014ರ ಮೇ 6ರ ಪ್ರಮತಿ ತೀರ್ಪು ಅವುಗಳನ್ನೂ ಕಾಯಿದೆಯ ಹೊರಗಿಟ್ಟಿತು. ನಮ್ಮಲ್ಲಿ ಅನೇಕರು ಅದನ್ನು ಗೆಲುವೆಂದು ಸಂಭ್ರಮಿಸಿದರು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪು ಸರಿಯೇ ಎಂದು ಸಂಶಯಪಟ್ಟು, ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸುವ ಸಲುವಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಹೇಳಿತು.

2021ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ವರದಿಯೊಂದು, ದೇಶದ ಅಲ್ಪಸಂಖ್ಯಾತ ಶಾಲೆಗಳ ವಿದ್ಯಾರ್ಥಿಗಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದವರು ಕೇವಲ ಶೇ 8.76 ಎಂದೂ, ಕ್ರೈಸ್ತ ಶಾಲೆಗಳಲ್ಲಿ ಕ್ರೈಸ್ತೇತರರು ಶೇ 74 ಎಂದೂ ಹೇಳಿತು. ಆ ವರದಿಯ ಉದ್ದೇಶವನ್ನು ನಾವು ಪ್ರಶ್ನಿಸಬಹುದು. ಎರಡನೆಯ ಅಂಕಿಯ ಬಗ್ಗೆ ನಾಚಿಕೆ ಬೇಡ. ಬೇರೆಬೇರೆ ಧರ್ಮಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವುದು ದೇಶಕ್ಕೆ ನಮ್ಮ ಶಾಲೆಗಳು ಕೊಟ್ಟ ಒಳ್ಳೆಯ ಕೊಡುಗೆ. ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡಬೇಕಾದವರು ನಾವೇ.

ಹಾಗಾದರೆ ಧಾರ್ಮಿಕ ಸಂಸ್ಥೆಗಳ ಶಾಲೆಗೆ ಸಾರ್ವಜನಿಕ ಹಣವೇ ಬೇಡವೆಂಬ ವಾದವನ್ನು ಒಪ್ಪಬೇಕೇ? ಒಪ್ಪಲಾರೆವು. ಈ ಮಾದರಿ ನಮ್ಮೊಬ್ಬರದೇ ಅಲ್ಲ. ನಂಜನಗೂಡು ತಾಲ್ಲೂಕಿನ ಸುತ್ತೂರು ಶ್ರೀಮಠವು 1954ರಲ್ಲಿ ಸ್ಥಾಪಿತವಾದ ಜೆಎಸ್ಎಸ್ ಮಹಾವಿದ್ಯಾಪೀಠದ ಮೂಲಕ ಈ ಸೀಮೆಯಲ್ಲಿ ನಡೆಸಿಕೊಂಡು ಬಂದ ವಿದ್ಯಾದಾನ ಎಲ್ಲರಿಗೂ ತಿಳಿದದ್ದು. ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಅನ್ನ ಮತ್ತು ಅಕ್ಷರ ಒಟ್ಟಿಗೆ ದೊರೆಯುತ್ತವೆ. ದಾಸೋಹದ ಪರಂಪರೆಯಿಂದ ನಾವು ಕಲಿಯಬೇಕಾದ್ದು ಇದೆ. ಅನುದಾನವೆಂದರೆ ಶಿಕ್ಷಕರ ಸಂಬಳ. ಅದು ನಿಂತರೆ ಆ ಭಾರ ಶುಲ್ಕವಾಗಿ ಮಕ್ಕಳ ಮೇಲೆ ಬೀಳುತ್ತದೆ, ಮೊದಲು ಹೊರಗೆ ಹೋಗುವುದು ಅದೇ ತಾಯಿಯ ಮಗಳು. ಭಾರತದಲ್ಲಿ ಅನುದಾನ ಪದ್ಧತಿಗೆ ತಳಹದಿ ಹಾಕಿದ 1854ರ ವುಡ್ ನಿರೂಪವೂ ಹಣ ಕೊಟ್ಟದ್ದು ಲೌಕಿಕ ವಿದ್ಯೆಗೆ, ಧರ್ಮಬೋಧನೆಗಲ್ಲ. ಈ ಹಣ ಧರ್ಮಸಭೆಗೆ ಸಂದ ಕಾಣಿಕೆಯಲ್ಲ. ಮಗುವಿನ ಪಾಲು ನಮ್ಮ ಕೈಯ ಮೂಲಕ ಹಾದುಹೋಗುತ್ತದೆ, ಅಷ್ಟೆ.

ಹಾದುಹೋಗುವಾಗ ಏನಾಗುತ್ತಿದೆ? ಹಳೆಯ ಆವರಣಗಳಲ್ಲಿ ಈಗ ಎರಡು ಶಾಲೆಗಳಿರುವುದು ಅಪರೂಪವಲ್ಲ. ಹಿಂಬದಿಯಲ್ಲಿ ಅನುದಾನಿತ ಕನ್ನಡ ಮಾಧ್ಯಮ, ಮುಂಬದಿಯಲ್ಲಿ ಶುಲ್ಕದ ಇಂಗ್ಲಿಷ್ ಮಾಧ್ಯಮ. ನಿವೃತ್ತರಾದ ಶಿಕ್ಷಕರ ಹುದ್ದೆಗಳು ತುಂಬದೆ ಉಳಿಯುತ್ತವೆ. ಅದರಲ್ಲಿ ಸರ್ಕಾರದ ವಿಳಂಬದ ಪಾಲು ದೊಡ್ಡದು. ಆದರೆ ಹೊಸ ಬಣ್ಣ, ಹೊಸ ಪ್ರಯೋಗಾಲಯ, ಉತ್ಸಾಹಿ ಮುಖ್ಯೋಪಾಧ್ಯಾಯರು ಯಾವ ಬದಿಗೆ ಹೋಗಬೇಕೆಂದು ನಿರ್ಧರಿಸುವವರು ನಾವು. ಕನ್ನಡ ವಿಭಾಗಕ್ಕೆ ಮಕ್ಕಳು ಬರುತ್ತಿಲ್ಲ ಎಂದು ವರದಿ ಬರೆಯುವವರೂ ನಾವು.

ಈ ವಿಮರ್ಶೆಯಿಂದ ಮೂರು ಕೆಲಸಗಳು ಹೊರಡುತ್ತವೆ. ಅವಕ್ಕೆ ಸರ್ಕಾರದ ಆದೇಶವಾಗಲಿ ಹೊಸ ತೀರ್ಪಾಗಲಿ ಬೇಕಿಲ್ಲ. ಒಂದು, ಒಪ್ಪಿಗೆಯ ಪತ್ರ ಕನ್ನಡದಲ್ಲಿರಲಿ, ಪ್ರವೇಶದ ಅರ್ಜಿಯಿಂದ ಬೇರೆಯಾಗಿರಲಿ. ಓದಲಾರದವರಿಗೆ ಓದಿ ಹೇಳಲಿ, ಒಪ್ಪದಿದ್ದರೂ ಮಗುವಿಗೆ ಸ್ಥಳವಿದೆ ಎಂಬುದನ್ನು ಮೊದಲೇ ತಿಳಿಸಲಿ. ಎರಡು, ಶಿಕ್ಷಣ ಹಕ್ಕು ಕಾಯಿದೆಯ 13 ಮತ್ತು 17ನೆಯ ಪ್ರಕರಣಗಳನ್ನೂ ಉಚಿತ ಸ್ಥಾನಗಳ ಪ್ರಮಾಣವನ್ನೂ ನಮ್ಮ ಶಾಲೆಗಳು ತಾವಾಗಿಯೇ ಅಂಗೀಕರಿಸಲಿ. ವಿಸ್ತೃತ ಪೀಠ ಏನು ಹೇಳುತ್ತದೆ ಎಂದು ಕಾಯುವುದು ಬೇಡ. ಮೂರು, ಧರ್ಮಪ್ರಾಂತ್ಯವು ತನ್ನ ಶಾಲೆಗಳ ಲೆಕ್ಕ ನೋಡುವಾಗ ಹಿಂಬದಿಯ ಕಟ್ಟಡದ ಲೆಕ್ಕವನ್ನು ಮೊದಲು ಕೇಳಲಿ.

ನಾವು ಎತ್ತಿಕೊಂಡ ಪ್ರಶ್ನೆಗೆ ನಮ್ಮ ಉತ್ತರವಿದು. ಸಾರ್ವಜನಿಕ ಹಣದ ಧಾರ್ಮಿಕ ಶಾಲೆ, ಬೇರೆ ಯಾರೂ ಸೇರಿಸಿಕೊಳ್ಳದ ಮಗುವನ್ನು ಸೇರಿಸಿಕೊಂಡಾಗ ಮಕ್ಕಳ ಶಿಕ್ಷಣಕ್ಕೆ ಒಳಿತು. ತನ್ನ ಹಕ್ಕನ್ನು ಆ ಮಗುವಿನಿಂದ ರಕ್ಷಿಸಿಕೊಳ್ಳಲು ಬಳಸಿದಾಗ ಅಲ್ಲ. ಮಾರ್ಕನ ಅದೇ ಹತ್ತನೆಯ ಅಧ್ಯಾಯದಲ್ಲಿ ಮಕ್ಕಳನ್ನು ತಡೆದವರು ಪರರಲ್ಲ, ಶಿಷ್ಯರು. ಇನ್ನು ಕೆಲವೇ ವರ್ಷಗಳಲ್ಲಿ ಗುರುದೀಕ್ಷೆ ಪಡೆದು ಪ್ರವೇಶದ ಮೇಜಿನ ಹಿಂದೆ ಕೂರಲಿರುವ ನಮ್ಮ ವಿದ್ಯಾರ್ಥಿಗಳು, ಅಂದು ಎದುರಿಗೆ ನಿಂತ ತಾಯಿ ಏನು ಬರೆದಿದೆ ಎಂದು ಕೇಳಿದರೆ, ಸಾಲು ಎಷ್ಟೇ ಉದ್ದವಿರಲಿ, ಕುರ್ಚಿ ಕೊಟ್ಟು ಓದಿ ಹೇಳಲಿ ಎಂಬುದು ನಮ್ಮ ಬಿನ್ನಹ.