ಈಳಿಗೆ ಮಣೆ ಮತ್ತು ಸ್ಟೀರಿಂಗ್

ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹೇಳುವ ಮಾತನ್ನೇ ನಾವು ವಿಮಾನ ಹತ್ತಿಸುವಾಗಲೂ ಹೇಳುತ್ತೇವೆ: "ಹೊಂದಿಕೊಂಡು ಹೋಗಮ್ಮ." ಹೊಂದಿಕೊಳ್ಳುವುದು ಸ್ವಭಾವದ ಮಾತು, ಒಳ್ಳೆಯ ಹೆಣ್ಣುಮಗಳಿಗೆ ಅದು ತಾನಾಗಿ ಬರುತ್ತದೆ ಎಂಬುದು ನಮ್ಮ ನಂಬಿಕೆ. ಈ ನಂಬಿಕೆಯನ್ನು ಸದ್ದಿಲ್ಲದೆ ಅಲುಗಾಡಿಸುವ ಕತೆಯೊಂದಿದೆ: ಜುಂಪಾ ಲಾಹಿರಿಯವರ 'ಮಿಸೆಸ್ ಸೇನ್ಸ್'. 1999ರಲ್ಲಿ ಪ್ರಕಟವಾಗಿ, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ 'ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್' ಸಂಕಲನದ ಕತೆ ಅದು.

ಶ್ರೀಮತಿ ಸೇನ್ ಕಲ್ಕತ್ತದವಳು. ಗಂಡ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಗಣಿತ ಕಲಿಸುತ್ತಾನೆ. ಎಲಿಯಟ್ ಎಂಬ ಹನ್ನೊಂದು ವರ್ಷದ ಹುಡುಗನನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವ ಕೆಲಸ ಇವಳದು. ದಿನವೂ ನೆಲದ ಮೇಲೆ ಪತ್ರಿಕೆ ಹಾಸಿ, ಊರಿನಿಂದ ತಂದ ಈಳಿಗೆಯ ಮುಂದೆ ಕೂತು ರಾಶಿ ತರಕಾರಿ ಹೆಚ್ಚುತ್ತಾಳೆ. ಊರಲ್ಲಿ ಮದುವೆ ಎಂದರೆ ಕೇರಿಯ ಹೆಂಗಸರೆಲ್ಲ ಇಂಥದೇ ಈಳಿಗೆ ಹಿಡಿದು ಬಂದು, ತಾರಸಿಯ ಮೇಲೆ ಸುತ್ತ ಕೂತು, ರಾತ್ರಿಯಿಡೀ ಹರಟುತ್ತ ಹೆಚ್ಚುತ್ತಿದ್ದರಂತೆ. ಆ ಗಲಾಟೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಇಲ್ಲಿಯ ಮೌನದಲ್ಲೂ ಬರುವುದಿಲ್ಲ. ಸಂಜೆ ಹುಡುಗನ ತಾಯಿ ಬರುವಷ್ಟರಲ್ಲಿ ಈಳಿಗೆ ತೊಳೆದು, ಮಡಚಿ, ಕಪಾಟಿನೊಳಗೆ ಸೇರಿಬಿಡುತ್ತದೆ.

'ಕಲ್ಚರ್ ಶಾಕ್' ಎಂಬ ಮಾತನ್ನು ಜನಪ್ರಿಯಗೊಳಿಸಿದವರು ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಅವರು ಈ ಕುರಿತು ಉಪನ್ಯಾಸ ಕೊಟ್ಟಿದ್ದು ಒಂದು ಮಹಿಳಾ ಕ್ಲಬ್ಬಿನಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಮೊದಲು ಮಧುಚಂದ್ರದಂಥ ಉತ್ಸಾಹ, ಆಮೇಲೆ ಸಿಡಿಮಿಡಿ, ನಂತರ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂದು ಅವರು ಮೆಟ್ಟಿಲು ಜೋಡಿಸಿದರು. ಗೊರೂರರ 'ಅಮೆರಿಕದಲ್ಲಿ ಗೊರೂರು' ಓದಿ ನಕ್ಕವರಿಗೆ ಆ ಮೊದಲ ಮೆಟ್ಟಿಲಿನ ಪರಿಚಯ ಇದ್ದೇ ಇದೆ. ಅವರು ಹೋದದ್ದು ಅತಿಥಿಯಾಗಿ. ತಿರುಗಿ ಬರುವುದು ಖಚಿತವಿತ್ತು. ಶ್ರೀಮತಿ ಸೇನ್‌ಗೆ ಆ ಭಾಗ್ಯವಿಲ್ಲ.

ಲಾಹಿರಿಯವರ ಹೆಚ್ಚುಗಾರಿಕೆ ಇರುವುದು ಇಲ್ಲಿ. ಮನಸ್ಸಿನ ಸಂಕಟವನ್ನು ಅವರು ಬಣ್ಣಿಸಲು ಹೋಗುವುದಿಲ್ಲ. ಅದನ್ನು ಮೀನಿಗೂ ಕಾರಿಗೂ ಕಟ್ಟಿಹಾಕುತ್ತಾರೆ. ತಾಜಾ ಮೀನು ಬೇಕೆಂದರೆ ಕಡಲತೀರದ ಅಂಗಡಿಗೆ ಹೋಗಬೇಕು. ಗಂಡನಿಗೆ ಬಿಡುವಿಲ್ಲ. ಬಸ್ಸಿನಲ್ಲಿ ತಂದರೆ ವಾಸನೆಯೆಂದು ದೂರು, ಇಂಗ್ಲಿಷ್ ಬರುತ್ತದೆಯೇ ಎಂದು ಡ್ರೈವರನ ಪ್ರಶ್ನೆ. ಲೈಸೆನ್ಸ್ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂಬುದು ಗಂಡನ ನಂಬಿಕೆ. ಈಳಿಗೆಯ ಮೇಲೆ ಅಷ್ಟು ಚುರುಕಾಗಿ ಓಡುವ ಕೈ ಸ್ಟೀರಿಂಗ್ ಹಿಡಿದರೆ ನಡುಗುತ್ತದೆ. ಕೊನೆಗೊಂದು ದಿನ ಆಕೆ ಹುಡುಗನನ್ನು ಕೂರಿಸಿಕೊಂಡು ಲೈಸೆನ್ಸ್ ಇಲ್ಲದೆಯೇ ಮೀನಿಗೆ ಹೊರಡುತ್ತಾಳೆ. ಕಾರು ಕಂಬಕ್ಕೆ ಗುದ್ದುತ್ತದೆ. ದೊಡ್ಡ ಪೆಟ್ಟೇನಿಲ್ಲ, ಆದರೆ ಆಕೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹುಡುಗನ ಬರವೂ ನಿಲ್ಲುತ್ತದೆ.

ಆಕೆಯ ಹೆಸರೇನೆಂದು ಕತೆಯ ಉದ್ದಕ್ಕೂ ನಮಗೆ ತಿಳಿಯುವುದಿಲ್ಲ. ಕೆಲಸ ಹುಡುಕುವ ಚೀಟಿಯಲ್ಲೂ ಪ್ರೊಫೆಸರರ ಹೆಂಡತಿ ಎಂದೇ ಬರೆದುಕೊಂಡವಳು ಆಕೆ. ಇದು ಮರೆವಲ್ಲ, ಲೇಖಕಿಯ ತೀರ್ಪು. ನನ್ನ ತಕರಾರು ಗಂಡನ ಪಾತ್ರದ ಬಗ್ಗೆ. ಅವನು ಕೆಟ್ಟವನಲ್ಲ, ಆದರೆ ತೀರ ತೆಳು. ಅವನಿಗೂ ಅದು ಪರದೇಶವೇ ಅಲ್ಲವೆ? ಅವನಿಗೆ ಕೆಲಸವಿತ್ತು, ಇವಳಿಗೆ ಇರಲಿಲ್ಲ ಎಂಬ ವ್ಯತ್ಯಾಸವನ್ನು ಇನ್ನಷ್ಟು ತೆರೆದು ತೋರಿಸಬಹುದಿತ್ತು. ಎಲ್ಲವನ್ನೂ ಹುಡುಗನ ಕಣ್ಣಿನಿಂದಲೇ ನೋಡುವುದರಿಂದ ಗಂಡಹೆಂಡಿರ ನಡುವಿನ ಮಾತು ನಮಗೆ ಹೆಚ್ಚು ಕೇಳಿಸುವುದೇ ಇಲ್ಲ.

ಆ ವ್ಯತ್ಯಾಸ ಹಳೆಯದಾಗಿಲ್ಲ. ಎಚ್-1ಬಿ ವೀಸಾದ ಗಂಡನ ಜೊತೆ ಎಚ್-4ರಲ್ಲಿ ಹೋದ ಹೆಂಡತಿಯರಲ್ಲಿ ಕೆಲವರಿಗಷ್ಟೇ, ಅದೂ 2015ರ ನಂತರ, ಕೆಲಸ ಮಾಡುವ ಅನುಮತಿ ಸಿಕ್ಕಿದೆ. ನನ್ನ ತಂಗಿಯ ಮಗಳು ಎಂಜಿನಿಯರಿಂಗ್ ಓದಿ ಈಗ ಅಂಥದೇ ವೀಸಾದಲ್ಲಿ ಮನೆಯೊಳಗೆ ಕೂತಿದ್ದಾಳೆ. "ಚೆನ್ನಾಗಿದ್ದೀನಿ ದೊಡ್ಡಮ್ಮ" ಎನ್ನುತ್ತಾಳೆ. ಒಮ್ಮೆ ಮಾತ್ರ, "ಇಲ್ಲಿ ಕುಕ್ಕರ್ ಕೂಗಿದರೆ ಮನೇಲಿ ಯಾರೋ ಇದ್ದ ಹಾಗಾಗುತ್ತೆ" ಅಂದಳು. ಆ ರಾತ್ರಿ ನಾನು ಈ ಕತೆಯನ್ನು ಮತ್ತೊಮ್ಮೆ ಓದಿದೆ.

ಕತೆ ಮುಗಿಯುವುದು ಹುಡುಗನಿಂದ. ಈಗ ಮನೆಯಲ್ಲಿ ಒಬ್ಬನೇ ಇರುವ ಅವನನ್ನು ತಾಯಿ ಫೋನಿನಲ್ಲಿ ವಿಚಾರಿಸುತ್ತಾಳೆ. ಕಿಟಕಿಯಾಚೆ ಬೂದು ಅಲೆಗಳನ್ನು ನೋಡುತ್ತ ಅವನು ಚೆನ್ನಾಗಿದ್ದೇನೆ ಎನ್ನುತ್ತಾನೆ. ಫೋನಿನಲ್ಲಿ ಬರುವ ಆ ಉತ್ತರದ ಬೆಲೆ ಎಷ್ಟೆಂದು ಲಾಹಿರಿ ಇಡೀ ಕತೆಯಲ್ಲಿ ನಮಗೆ ಕಲಿಸಿರುತ್ತಾರೆ. ದೂರದಲ್ಲಿರುವ ಹುಡುಗಿಯರಿಗೆ ಹೊಂದಿಕೊಂಡೆಯಾ ಎಂದು ಕೇಳುವ ಬದಲು, ಕಾರು ಕಲಿಸುವವರು ಯಾರು, ಪಕ್ಕದ ಮನೆಯವರ ಹೆಸರೇನು, ಇವತ್ತು ಯಾರ ಜೊತೆ ಮಾತಾಡಿದೆ ಎಂದು ಕೇಳೋಣ. ಅಳಿಯನಿಗೂ ಇವೇ ಪ್ರಶ್ನೆ ಹಾಕೋಣ.